ತುಮಕೂರಿನಲ್ಲಿ ಬಾಡಿಗೆ ಮನೆ, ಬೆಂಗಳೂರಿಗೆ ರೈಲು ಪಾಸು

ಬೆಂಗಳೂರಿನ ಬಾಡಿಗೆ ಕೊಟ್ಟು ಪೂರೈಸಲಾಗದೆ ಸುತ್ತಲಿನ ಊರುಗಳತ್ತ ಕಣ್ಣು ಹಾಯಿಸುವವರಿಗೆ ಮೊದಲು ನೆನಪಾಗುವ ಹೆಸರುಗಳಲ್ಲಿ ತುಮಕೂರೂ ಒಂದು. ದೂರ ಸುಮಾರು 70 ಕಿಲೋಮೀಟರ್; ರಾಷ್ಟ್ರೀಯ ಹೆದ್ದಾರಿ 48 ಇದೆ, ವಿದ್ಯುದೀಕರಣಗೊಂಡ ಜೋಡಿ ರೈಲು ಮಾರ್ಗವೂ ಇದೆ. ಇಲ್ಲಿ ಕುಟುಂಬದೊಡನೆ ಬಾಡಿಗೆಗಿದ್ದು ಯಶವಂತಪುರದ ಬಳಿಯ ಕಚೇರಿಗೆ ದಿನವೂ ಹೋಗಿ ಬರುವವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತುಮಕೂರು ನಿಮಗೆ ಅಗ್ಗವಾಗುತ್ತದೆಯೇ ಎಂಬುದು ನಿಮ್ಮ ಕಚೇರಿ ಬೆಂಗಳೂರಿನ ಯಾವ ದಿಕ್ಕಿನಲ್ಲಿದೆ ಎಂಬುದರ ಮೇಲೆ ನಿಂತಿದೆ.

ಬಾಡಿಗೆಯ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ರಾಜಾಜಿನಗರ ಅಥವಾ ಮಲ್ಲೇಶ್ವರದಲ್ಲಿ ಒಂದು ಬೆಡ್‌ರೂಮಿನ ಮನೆಗೆ ಕೊಡುವ ಹಣದಲ್ಲಿ ಇಲ್ಲಿ ಎರಡು ಬೆಡ್‌ರೂಮಿನ ಮನೆ ಸಿಕ್ಕಿ, ಮೇಲೆ ಒಂದಿಷ್ಟು ಉಳಿಯುತ್ತದೆ. ಮುಂಗಡದ ಹೊರೆಯೂ ಕಡಿಮೆ.

ಲೆಕ್ಕವೆಲ್ಲ ನಿಂತಿರುವುದು ರೈಲಿನ ಮೇಲೆ. ಎರಡನೇ ದರ್ಜೆಯ ತಿಂಗಳ ಪಾಸಿಗೆ ಐನೂರು ರೂಪಾಯಿಯೂ ಆಗುವುದಿಲ್ಲ. ಮೂರು ತಿಂಗಳದ್ದನ್ನು ಒಟ್ಟಿಗೇ ಮಾಡಿಸಿದರೆ ತಿಂಗಳ ದರದ 2.7 ಪಟ್ಟು ಕೊಟ್ಟರೆ ಸಾಕು. ಬೈಕಿನಲ್ಲಿ ಒಂದೆರಡು ದಿನ ಹೋಗಿ ಬರಲು ಹಾಕಿಸುವ ಪೆಟ್ರೋಲಿನ ಹಣದಲ್ಲಿ ಇಡೀ ತಿಂಗಳು ಓಡಾಡಬಹುದು. ಆದರೆ ಪಾಸು ಕಾಯ್ದಿರಿಸದ ಬೋಗಿಗಳಿಗೆ ಮಾತ್ರ ಸಲ್ಲುತ್ತದೆ. ಸೂಪರ್‌ಫಾಸ್ಟ್ ಗಾಡಿ ಹತ್ತುವುದಾದರೆ ಅದರ ಹೆಚ್ಚುವರಿ ಶುಲ್ಕ ಕಟ್ಟಿರಬೇಕು, ಜನಶತಾಬ್ದಿಯಲ್ಲಂತೂ ಪಾಸು ನಡೆಯುವುದೇ ಇಲ್ಲ. ದೂರದ ಊರುಗಳಿಂದ ಬರುವ ಎಕ್ಸ್‌ಪ್ರೆಸ್‌ಗಳು ಯಶವಂತಪುರಕ್ಕೆ ಒಂದು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತವೆಯಾದರೂ ಅವುಗಳ ಜನರಲ್ ಬೋಗಿ ತುಮಕೂರಿಗೆ ಬರುವ ಹೊತ್ತಿಗೆ ಬಾಗಿಲವರೆಗೂ ತುಂಬಿರುತ್ತದೆ. ಹಾಗಾಗಿ ಎಲ್ಲ ಕಡೆ ನಿಲ್ಲುತ್ತ ಒಂದೂವರೆ ಗಂಟೆ ತೆಗೆದುಕೊಳ್ಳುವ ಪ್ಯಾಸೆಂಜರ್ ಹಾಗೂ 2024ರಲ್ಲಿ ಆರಂಭವಾದ ಯಶವಂತಪುರದ ಮೆಮು (ಕಡಿಮೆ ದೂರದ ವಿದ್ಯುತ್ ರೈಲು) ಗಾಡಿಗಳೇ ಪಾಸಿನವರ ನಿಜವಾದ ಆಸರೆ.

ಬೆಳಗಿನ ಬೋಗಿಯನ್ನು ಒಮ್ಮೆ ಕಣ್ಣಾರೆ ನೋಡಿಯೇ ಮನೆ ಹುಡುಕಲು ಹೊರಡುವುದು ಮೇಲು. ತುಮಕೂರಿನಲ್ಲಿ ಹತ್ತಿದವರ ಕರವಸ್ತ್ರ, ನೀರಿನ ಬಾಟಲಿ, ಊಟದ ಚೀಲಗಳು ಕ್ಯಾತ್ಸಂದ್ರದಲ್ಲಿ ಹತ್ತಲಿರುವ ಗೆಳೆಯರಿಗಾಗಿ ಸೀಟು ಹಿಡಿದು ಕೂತಿರುತ್ತವೆ. ಹೊಸಬರು ಅವನ್ನು ಸರಿಸಲು ಹೋದರೆ ಜಗಳ ಆಗುವುದಿಲ್ಲ, ಆದರೆ ಸೀಟೂ ಸಿಗುವುದಿಲ್ಲ. ದಾಬಸ್‌ಪೇಟೆಯಲ್ಲಿ ಕಾರ್ಖಾನೆಗಳಿಗೆ ಹೋಗುವವರು ಇಳಿದಾಗ ತುಸು ಜಾಗವಾಗುತ್ತದೆ. ಅಲ್ಲಿಂದ ಮುಂದೆ ಮೂವರ ಸೀಟಿನಲ್ಲಿ 'ಸ್ವಲ್ಪ ಜರುಗಿ ಸಾರ್' ಎಂದವರು ನಾಲ್ಕನೆಯವರಾಗಿ ಕೂರುವುದು ಇಲ್ಲಿನ ವಾಡಿಕೆ. ಇದೇ ಮಾರ್ಗದ ಗಾಡಿಯೊಂದಕ್ಕೆ ಹೂವಿನ ಅಲಂಕಾರ ಮಾಡಿ, ಕೇಕು ಕತ್ತರಿಸಿ ಹುಟ್ಟುಹಬ್ಬ ಆಚರಿಸಿದ ಪ್ರಯಾಣಿಕರಿವರು; ಒಂದೆರಡು ತಿಂಗಳಲ್ಲಿ ನಿಮ್ಮ ಕರವಸ್ತ್ರಕ್ಕೂ ಮಾನ್ಯತೆ ದೊರೆಯುತ್ತದೆ.

ಇಳಿದ ಮೇಲಿನ ದಾರಿಯೇ ಖರ್ಚಿನ ದಾರಿ. ಯಶವಂತಪುರ ನಿಲ್ದಾಣದ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ ಇರುವುದರಿಂದ ಮಲ್ಲೇಶ್ವರ, ರಾಜಾಜಿನಗರ, ಮೆಜೆಸ್ಟಿಕ್ ಸುತ್ತಮುತ್ತ ಕೆಲಸವಿರುವವರಿಗೆ ತೊಂದರೆಯಿಲ್ಲ. ವೈಟ್‌ಫೀಲ್ಡ್‌ಗೆ ಹೋಗಬೇಕಾದವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಊರಿನ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮನೆ ಬಿಟ್ಟು ಮೂರು ಗಂಟೆಯಾದರೂ ಆಗಿರುತ್ತದೆ. 2025ರ ಫೆಬ್ರುವರಿಯ ಏರಿಕೆಯಲ್ಲಿ ಮೆಟ್ರೊದ ಗರಿಷ್ಠ ದರ 90 ರೂಪಾಯಿಗೆ ಮುಟ್ಟಿದ್ದರಿಂದ, ಅಷ್ಟು ದೂರ ಹೋಗಿ ಬರುವವರು ರೈಲು ಪಾಸಿನ ಹಲವು ಪಟ್ಟು ಹಣವನ್ನು ಮೆಟ್ರೊಗೇ ತೆರಬೇಕಾಗುತ್ತದೆ. ಬಾಡಿಗೆಯಲ್ಲಿ ಉಳಿದದ್ದು ಅಲ್ಲಿ ಕರಗುತ್ತದೆ. ಅಂಥವರಿಗೆ ತುಮಕೂರನ್ನು ನಾನು ಶಿಫಾರಸು ಮಾಡುವುದಿಲ್ಲ.

ಮಹಿಳೆಯರ ಲೆಕ್ಕ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಂದಿನಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಖರ್ಚೇ ಇಲ್ಲ. ಬಸ್ಸಿನ ಕಷ್ಟವೆಂದರೆ ನೆಲಮಂಗಲ ದಾಟಿದ ಮೇಲೆ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯಗಳ ವಾಹನದಟ್ಟಣೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬಂದಿರುವುದರಿಂದ ಮಾದಾವರದಲ್ಲೇ ಇಳಿದು ಮೆಟ್ರೊ ಹಿಡಿಯುವ ಅನುಕೂಲವಾಗಿದೆ. ಸಂಜೆಯ ರೈಲು ತಪ್ಪಿದ ದಿನ ಮುಂದಿನ ಗಾಡಿಗಾಗಿ ಪ್ಲಾಟ್‌ಫಾರ್ಮ್‌ನಲ್ಲಿ ಕಾಯುವ ಬದಲು ನಾನು ಇದನ್ನೇ ತಿರುವಿ ಮಾಡುತ್ತೇನೆ.

ಇನ್ನು ಊರೊಳಗೆ ಎಲ್ಲಿ ಮನೆ ಹಿಡಿಯಬೇಕು ಎಂಬುದು. ಎಸ್‌ಐಟಿ ಬಡಾವಣೆ, ಎಸ್.ಎಸ್.ಪುರಂ ಕಡೆ ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲ ಹತ್ತಿರ. ಬಾಡಿಗೆಯೂ ಅದಕ್ಕೆ ತಕ್ಕಂತೆ. ಸಿದ್ಧಗಂಗಾ ಮಠದ ಸಮೀಪದ ಕ್ಯಾತ್ಸಂದ್ರಕ್ಕೆ ತನ್ನದೇ ರೈಲು ನಿಲ್ದಾಣವಿದೆ, ಹೆದ್ದಾರಿಯೂ ಕೈಯಳತೆಯಲ್ಲಿದೆ, ತಟ್ಟೆ ಇಡ್ಲಿಯಂತೂ ಹೇಳಬೇಕಾಗಿಯೇ ಇಲ್ಲ. ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಹಳೆಯ ಮನೆ, ಊರಾಚೆಯ ಹೊಸ ಬಡಾವಣೆಯ ಚೆಂದದ ಮನೆಗಿಂತ ವಾಸಿ ಎಂಬುದು ನನ್ನ ನಿಲುವು, ಏಕೆಂದರೆ ದಿನಕ್ಕೆರಡು ಸಲ ಆಟೊ ಹತ್ತಿದರೆ ತಿಂಗಳ ಕೊನೆಗೆ ಅದು ಪಾಸಿನ ದರವನ್ನು ಎಷ್ಟೋ ಪಟ್ಟು ಮೀರಿಸುತ್ತದೆ.

ಮನೆ ನೋಡಲು ಹೋದಾಗ ಗೋಡೆಯ ಬಣ್ಣಕ್ಕಿಂತ ಮೊದಲು ನಲ್ಲಿಗಳನ್ನು ನೋಡಬೇಕು. ಊರಿನ ಕುಡಿಯುವ ನೀರು ಬರುವುದು ಬುಗುಡನಹಳ್ಳಿ ಕೆರೆಯಿಂದ; ಆ ಕೆರೆ ತುಂಬುವುದು ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಹರಿದು ಬರುವ ಹೇಮಾವತಿ ನೀರಿನಿಂದ. ನಾಲೆಯಲ್ಲಿ ನೀರು ಕಡಿಮೆಯಾದ ವರ್ಷ ಬೇಸಿಗೆಯ ಹೊತ್ತಿಗೆ ನಲ್ಲಿಯ ಸರದಿ ದೂರವಾಗುತ್ತ ಹೋಗುತ್ತದೆ. ಆಗ ಮನೆ ನಡೆಯುವುದು ಕೊಳವೆಬಾವಿಯ ಮೇಲೆ. ಬಚ್ಚಲಿನ ನಲ್ಲಿಯ ಬಾಯಿಗೆ, ಬಕೆಟ್ಟಿನ ಒಳಮೈಗೆ ಸುಣ್ಣದಂತೆ ಬಿಳಿ ಕಟ್ಟಿದ್ದರೆ ಆ ಮನೆಯಲ್ಲಿ ಹೆಚ್ಚಾಗಿ ಬಳಕೆಯಾಗುವುದು ಬೋರ್ ನೀರೇ ಎಂದು ತಿಳಿಯಬಹುದು. ಬೇಳೆ ಬೇಯುವುದು ತಡ, ಗೀಸರ್ ಕಾಯಿಲ್ ಬೇಗ ಹೋಗುತ್ತದೆ. ಸಂಪಿನ ಮುಚ್ಚಳ ತೆಗೆಸಿ, ಹೇಮಾವತಿ ನೀರಿಗೂ ಬೋರ್ ನೀರಿಗೂ ಬೇರೆ ಬೇರೆ ಸಂಪು ಇದೆಯೇ, ಕೊನೆಯ ಸಲ ನಲ್ಲಿ ಬಂದದ್ದು ಯಾವಾಗ ಎಂದು ಮಾಲೀಕರನ್ನು ಕೇಳುವುದರ ಜೊತೆಗೆ ಪಕ್ಕದ ಮನೆಯ ಬಾಡಿಗೆದಾರರನ್ನೂ ಕೇಳುವುದು ಕ್ಷೇಮ. ಇಬ್ಬರ ಉತ್ತರವೂ ಒಂದೇ ಆಗಿದ್ದರೆ ಮುಂಗಡದ ಮಾತಾಡಬಹುದು.

ಮಾದಾವರದಿಂದ ತುಮಕೂರಿಗೆ ಮೆಟ್ರೊ ವಿಸ್ತರಿಸುವ ಪ್ರಸ್ತಾವವಿದೆ. ಕೆಲಸ ಕಾಗದ ಬಿಟ್ಟು ನೆಲಕ್ಕಿಳಿಯುವ ಮೊದಲೇ ನಿವೇಶನ ಮಾರುವವರೂ ಕೆಲವು ಮಾಲೀಕರೂ ಅದರ ಹೆಸರು ಹೇಳಿ ಬೆಲೆ ಕಟ್ಟತೊಡಗಿದ್ದಾರೆ. ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದಾಗಿರುವುದರಿಂದ, ನವೀಕರಣದ ಹೊತ್ತಿಗೆ ಬಾಡಿಗೆ ಶೇಕಡ ಎಷ್ಟು ಏರಬಹುದು ಎಂಬುದನ್ನು ಮೊದಲ ಕರಾರಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಒಪ್ಪಿದ ಮಾಲೀಕರು ಬರೆದುಕೊಡಲು ಹಿಂಜರಿದರೆ ಬೇರೆ ಮನೆ ನೋಡಿ. ಬಾಡಿಗೆಗೆ ಮನೆ ಖಾಲಿ ಇದೆ ಎಂಬ ಫಲಕಗಳಿಗೆ ತುಮಕೂರಿನಲ್ಲಿ ಸದ್ಯಕ್ಕೆ ಬರವಿಲ್ಲ.