ಸ್ಟಾಕ್‌ಹೋಮ್‌ಗೆ ಸೆಪ್ಟೆಂಬರ್ ಕೊನೆಯಲ್ಲೋ, ನವೆಂಬರ್ ಮೊದಲಲ್ಲೋ?

ಕಾಲೇಜಿನ ಗೆಳೆಯನೊಬ್ಬ ಸ್ಟಾಕ್‌ಹೋಮ್‌ನಲ್ಲಿ ನೆಲೆಸಿರುವುದರಿಂದ, ಅಲ್ಲಿನ ಶರತ್ಕಾಲವನ್ನು ಒಮ್ಮೆ ಸೆಪ್ಟೆಂಬರ್ ಕೊನೆಯಲ್ಲೂ ಇನ್ನೊಮ್ಮೆ ನವೆಂಬರ್ ಮೊದಲಲ್ಲೂ ನೋಡಿದ್ದೇನೆ. ನಡುವಿನ ಅಂತರ ಐದಾರು ವಾರಗಳದ್ದಷ್ಟೇ ಆದರೂ ಎರಡನ್ನೂ ಒಂದೇ ಋತುವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಸಂಜೆ ಆರೂವರೆಯವರೆಗೂ ಬೆಳಕಿರುತ್ತದೆ. ಗೆಳೆಯ ಕಚೇರಿಯಿಂದ ಬಂದ ಮೇಲೂ ಯೂರ್ಗೋರ್ಡನ್ ದ್ವೀಪದ ಓಕ್ ಮರಗಳ ಕೆಳಗೆ ಒಂದು ಸುತ್ತು ಹಾಕಬಹುದು. ರಜೆಯ ದಿನ ಅಣಬೆ ಹುಡುಕಲು ಕಾಡಿಗೆ ಹೋದೆವು. ಖಾಸಗಿ ಕಾಡಾದರೂ ಯಾರು ಬೇಕಾದರೂ ಓಡಾಡಿ, ಅಣಬೆ, ಕಾಡುಹಣ್ಣು ಕೀಳುವುದಕ್ಕೆ ಸ್ವೀಡನ್ನಿನಲ್ಲಿ ಹಕ್ಕಿದೆ. ಪಾಚಿಯ ನಡುವೆ ಮೊಟ್ಟೆಯ ಹಳದಿ ಭಾಗದ ಬಣ್ಣದ ಕಾಂತರೆಲ್ ಅಣಬೆ ಕಂಡಾಗಲೆಲ್ಲ ಗೆಳೆಯ ಅದನ್ನು ತಿರುವಿ, ಕೊಡೆಯಡಿಯ ದಪ್ಪ ಗೆರೆಗಳು ಕವಲೊಡೆದು ಕಾಂಡದವರೆಗೂ ಇಳಿದಿವೆಯೇ ಎಂದು ಪರೀಕ್ಷಿಸಿದ ಮೇಲೆಯೇ ಬುಟ್ಟಿಗೆ ಹಾಕುತ್ತಿದ್ದ. ಮನೆಯಲ್ಲಿ ಅವನ್ನು ತೊಳೆಯದೆ ಬ್ರಷ್ಷಿನಿಂದ ಒರೆಸಿ, ಒಣ ಬಾಣಲೆಯಲ್ಲಿ ನೀರಾರುವವರೆಗೆ ಬಾಡಿಸಿ, ಆಮೇಲಷ್ಟೇ ಬೆಣ್ಣೆ ಹಾಕಿದ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದರಿಂದ, ನವೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಎಲೆಗಳೆಲ್ಲ ಉದುರಿ ಮಳೆಗೆ ನೆನೆದು ಕಾಲುದಾರಿ ಜಾರುತ್ತದೆ. ಊರು ನೋಡುವವರಿಗೆ ಇದು ನಷ್ಟವೇ ಸರಿ. ಆದರೆ ಹೊರಗೆ ಕರೆದೊಯ್ಯುವ ಉಪಾಯವಿಲ್ಲದ ಗೆಳೆಯ ಬೆಚ್ಚಗಿನ ಮನೆಯಲ್ಲಿ ಕಾಫಿ ಹಿಡಿದು ಕೂರುತ್ತಾನೆ. ಸೆಪ್ಟೆಂಬರಿನಲ್ಲಿ ದಾರಿ ತೋರಿಸುತ್ತಲೇ ಇದ್ದವನು ಈ ಸಲ ತಂದೆಯ ಕಾಯಿಲೆ, ಊರಿನ ಜಮೀನು, ಮರಳಿ ಬರುವ ಯೋಚನೆ ಎಲ್ಲವನ್ನೂ ಹೇಳಿಕೊಂಡ. ಅದೇ ವಾರಾಂತ್ಯ, ಅಗಲಿದವರನ್ನು ನೆನೆಯುವ ಸರ್ವ ಸಂತರ ದಿನವಾದ್ದರಿಂದ ಸ್ಕೂಗ್‌ಶಿರ್ಕೊಗೋರ್ಡನ್‌ಗೂ ಹೋದೆವು. ವಾಸ್ತುಶಿಲ್ಪಿಗಳಾದ ಗುನ್ನಾರ್ ಆಸ್ಪ್ಲುಂಡ್ ಮತ್ತು ಸಿಗುರ್ಡ್ ಲೆವೆರೆಂಟ್ಸ್ ರೂಪಿಸಿದ, 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸ್ಮಶಾನವಿದು. ಪೈನ್ ಮರಗಳ ನಡುವೆ ಸಮಾಧಿ ಸಮಾಧಿಗೂ ಹಚ್ಚಿದ ದೀಪಗಳನ್ನು ಸೆಪ್ಟೆಂಬರಿನಲ್ಲಿ ಹೋದವರು ಕಾಣಲಾರರು.

1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲಾದ ವಾಸಾ ಹಡಗಿನ ವಸ್ತುಸಂಗ್ರಹಾಲಯಕ್ಕೆ ಎರಡೂ ತಿಂಗಳು ಒಂದೇ.

ಮೊದಲ ಸಲ ಹೋಗುವವರಿಗೆ ನಾನು ಸೆಪ್ಟೆಂಬರನ್ನೇ ಹೇಳುತ್ತೇನೆ. ಊರನ್ನು ಒಮ್ಮೆ ನೋಡಿಯಾಗಿದ್ದು ಗೆಳೆಯನಿಗಾಗಿಯೇ ಹೋಗುವುದಾದರೆ ನವೆಂಬರೇ ಮೇಲು. ಆದರೆ ಬೆಂಗಳೂರಿನ ಸ್ವೆಟರನ್ನು ನೆಚ್ಚದೆ ಉಣ್ಣೆಯ ಒಳಉಡುಪು, ನೀರಿಳಿಯದ ಬೂಟು ಒಯ್ಯಬೇಕು, ಮನೆಗೆ ಫೋನ್ ಮಾಡುವಾಗ ಸಮಯದ ಅಂತರ ಮೂರೂವರೆಯಲ್ಲ, ನಾಲ್ಕೂವರೆ ಗಂಟೆಯೆಂಬುದು ನೆನಪಿರಬೇಕು.