ರೊಟ್ಟಿ ಮನೆಗೆ ಯಾವ ಒಲೆ: ಎತ್ತಿಡುವ ಕಬ್ಬಿಣದ್ದೋ, ಚಿಮಣಿ ಇರುವ ಮಣ್ಣಿನದ್ದೋ?

ಗ್ಯಾಸ್ ಇದ್ದರೂ ಜೋಳದ ರೊಟ್ಟಿಗೆ ಕಟ್ಟಿಗೆ ಒಲೆಯೇ ಬೇಕು ಅನ್ನುವವರು ಕಲಬುರಗಿ ಕಡೆ ಜಾಸ್ತಿ. ತೊಗರಿ ಕಟ್ಟಿಗೆ ಹೊಲದಲ್ಲೇ ಸಿಗುತ್ತದೆ, ಅಲ್ವಾ?

ಕಬ್ಬಿಣದ ಒಲೆಯನ್ನು ತಂದ ದಿನವೇ ಉರಿಸಬಹುದು. ಬಾಡಿಗೆ ಮನೆಗೆ ಇದೇ ಸರಿ. ಆದರೆ ಚಿಮಣಿ ಇಲ್ಲದ್ದನ್ನು ಅಂಗಳದಲ್ಲೇ ಇಡಬೇಕು. ಬಾಯಿ ಸಣ್ಣದಾದರೆ ಉರಿ ಹಂಚಿನ ನಡುವಿಗೇ ಬಡಿಯುತ್ತದೆ, ರೊಟ್ಟಿಯ ಅಂಚು ಹಸಿ ಉಳಿಯುತ್ತದೆ.

ಸ್ವಂತ ಮನೆಯಾದರೆ ನನ್ನ ಓಟು ಮಣ್ಣಿನ ಒಲೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯಲ್ಲಿ ಒಂದೇ ಉರಿಗೆ 3 ಪಾತ್ರೆ ಕೂರುತ್ತವೆ. ಜಾಲರಿಯ ಕೆಳಗಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಒಂದು ಬಾಯಿ ಖಾಲಿ ಬಿಟ್ಟರೆ ಮಾತ್ರ ಹೊಗೆಯೆಲ್ಲ ಅಡುಗೆಮನೆಗೇ! ತೊಗರಿ ಕಟ್ಟಿಗೆ ಬೇಗ ಉರಿದು ಹೋಗುವುದರಿಂದ ಎರಡರಲ್ಲೂ ತುಂಬುತ್ತಲೇ ಇರಬೇಕು.

ನಿಜವಾದ ಕೆಲಸ ಇರುವುದು ಚಿಮಣಿಯಲ್ಲಿ. ಹಳೆಯ ಮಾಳಿಗೆ ಮನೆಯಾದರೆ ಪೈಪು ಮರದ ತೊಲೆಯ ಹತ್ತಿರ ಹಾಯಲೇಬಾರದು. ಶಹಾಬಾದ್ ಕಲ್ಲಿನ ಛಾವಣಿಯಲ್ಲೂ ತೂತನ್ನು ಪೈಪಿಗಿಂತ ದೊಡ್ಡದಾಗಿ ಕೊರೆಸಿ. ಕಾದ ಪೈಪು ತಾಗಿದರೆ ಕಲ್ಲು ಸೀಳಬಹುದು. ತುದಿ ಛಾವಣಿಗಿಂತ ಕನಿಷ್ಠ 3 ಅಡಿ ಮೇಲಿರಲಿ. ಪಕ್ಕದ ಗೋಡೆ ಅದಕ್ಕಿಂತ ಎತ್ತರವಿದ್ದರೆ ಹೊಗೆ ವಾಪಸ್ ಬರುತ್ತದೆ. ತಗಡಿನ ಪೈಪು ಅಗ್ಗ, ಆದರೆ ತುಕ್ಕು ಹಿಡಿಯುತ್ತದೆ. ಕಲ್ನಾರಿನದು ಬೇಡ, ಕೊಯ್ಯುವಾಗ ಏಳುವ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಇಟ್ಟಿಗೆಯದು ದುಬಾರಿ, ಬಾಳಿಕೆ ಹೆಚ್ಚು. ಯಾವುದೇ ಆಗಲಿ, ಮಳೆಗೆ ಮೇಲೊಂದು ಟೋಪಿ, ಮಸಿ ತೆಗೆಯಲು ಬುಡದಲ್ಲೊಂದು ಕಿಂಡಿ ಬಿಡಿಸಿ.