ರೇಸಿಗೆ ಮೊದಲ ಹೆಲ್ಮೆಟ್: ಎಂ ತಗೊಳ್ಳೋದಾ, ಎಸ್‌ಎ ತಗೊಳ್ಳೋದಾ?

ಎರಡಕ್ಕೂ ಹೆಲ್ಮೆಟ್ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಸ್ನೆಲ್‌ನ ಮುದ್ರೆ ಇರುತ್ತದೆ, ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗೋದಿಲ್ಲ. ಒಳಗಿನ ಬಟ್ಟೆ ಸರಿಸಿ ಸ್ಟಿಕರ್ ಓದಿ.

ಎಂ ಬೈಕಿನದು. ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ಬೆಂಕಿಯ ಪರೀಕ್ಷೆ ಇಲ್ಲ.

ಎಸ್‌ಎ ಕಾರ್ ರೇಸಿನದು. ಒಳಗಿನ ಬಟ್ಟೆ ಬೆಂಕಿ ತಡೆಯಬೇಕು. ರೋಲ್ ಕೇಜಿನ (ಕಾರು ಮಗುಚಿದರೆ ಕಾಯುವ ಒಳಗಿನ ಲೋಹದ ಚೌಕಟ್ಟು) ಕಂಬಿಗೆ ತಲೆ ಬಡಿದರೆ ಹೇಗೆ ಅನ್ನೋದನ್ನೂ ಪರೀಕ್ಷಿಸುತ್ತಾರೆ. ಎಸ್‌ಎಯ 2020ರ ಆವೃತ್ತಿ ಎಸ್‌ಎ2020ರಲ್ಲಿ ಕುತ್ತಿಗೆ ಕಾಯುವ ಹಾನ್ಸ್ ಪಟ್ಟಿ ಸಿಕ್ಕಿಸಲು ಎರಡೂ ಬದಿ ಎಂ6 (6 ಮಿ.ಮೀ. ಅಳತೆಯ) ತಿರುಪಿನ ಜಾಗ ಇರುತ್ತದೆ. ಬೈಕ್ ಹೆಲ್ಮೆಟ್‌ಗೆ ಮನೆಯಲ್ಲೇ ಡ್ರಿಲ್ ಹಾಕುವ ಜಾಣತನ ಬೇಡವೇ ಬೇಡ!

ಕಾರಾದರೆ ನನ್ನ ಓಟು ಎಸ್‌ಎಗೆ, ದುಡ್ಡು ಜಾಸ್ತಿಯಾದರೂ ಸರಿ. ಬೈಕ್ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ದಿನ) ಮಾತ್ರ ಅಂದರೆ ಎಂ ಒಳ್ಳೇದು. ಎಸ್‌ಎಯಲ್ಲಿ ಕಣ್ಣಿನ ಕಿಂಡಿ ಕಿರಿದಾಗಿರಬಹುದು. ಕಾರ್ಟಿಂಗಿಗೆ ಕೆ ಅಂತ ಬೇರೆಯೇ ಇದೆ.